ಜರಡಿಯ ಮೇಲೆ ಉಳಿದದ್ದು

"ಎಲ್ಲಿ ಹೋಗಿ ಕೂತಿದ್ದೀಯಾ ನೀನು?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ಹೋಗಿ ಬಿದ್ದದ್ದು ಮೇಜಿನ ಮೇಲಿದ್ದ ಒಂದು ಗಾಜಿನ ಬಾಟಲಿಯ ಮೇಲೆ. ಬಾಟಲಿಯಲ್ಲಿದ್ದದ್ದು ಅಕ್ಕನ ತೋಟದ ಮಣ್ಣನ್ನು ಕಲಕಿ, ತಿಳಿಯಾಗಲು ಬಿಟ್ಟು, ಸೋಸಿ ತೆಗೆದ ನೀರು. ಆ ನೀರಿನಲ್ಲಿ ಕಳೆನಾಶಕ ಇರಲೇಬೇಕಿತ್ತು. ಯಂತ್ರ ಮೂರನೆಯ ಸಲವೂ ಇಲ್ಲ ಎಂದಿತ್ತು.

ಕೇಳಿದವಳು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕೂತೆದ್ದವಳು. ಜೊತೆಯವರು ಅವಳಿಗೆ ಇಟ್ಟ ಹೆಸರು ಜರಡಿ. ಬಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅಷ್ಟಕ್ಕೇ ಬಿಡದೆ ಚಿಮಟದಲ್ಲಿ ಬೇರಿನ ಎಳೆ, ಎಲೆಯ ಚೂರು, ಕಪ್ಪು ಹರಳು ಎಲ್ಲವನ್ನೂ ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು. ಅವಳ ಕೈ ದಾಟಿದ ಮಣ್ಣು ಮಕ್ಕಳ ಮುಖಕ್ಕೆ ಹಚ್ಚುವ ಪೌಡರಿನಂತಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ದೊಡ್ಡವರು ಅವಳ ಮೇಜು ತೋರಿಸಿ, "ಕೆಲಸ ಅಂದ್ರೆ ಇದು" ಎನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ಇನ್ನೊಂದು ಚೂರನ್ನು ಎತ್ತಿ ಕಸದ ಡಬ್ಬಿಗೆ ಹಾಕುತ್ತಿದ್ದಳು.

ಅಕ್ಕ ಆಸ್ಪತ್ರೆಯೊಂದರ ಅಡುಗೆಮನೆಯ ಯಜಮಾನಿ. ದಿನಕ್ಕೆ ಇನ್ನೂರು ತಟ್ಟೆ. ಅಡುಗೆಮನೆಯ ಹಿಂಬಾಗಿಲಿಗೂ ಹಳೆಯ ಉಗ್ರಾಣಕ್ಕೂ ನಡುವೆ ಎರಡು ದೊಡ್ಡ ಮರಗಳ ಕೆಳಗೆ ಒಂದು ತುಂಡು ನೆಲವಿತ್ತು. ವರ್ಷಗಟ್ಟಲೆ ಅಲ್ಲಿ ಕಬ್ಬಿಣದ ಕೊಳವೆಗಳನ್ನು ಪೇರಿಸಿಟ್ಟಿದ್ದರು. ಕೊಳವೆಗಳ ಸಂದಿಯಲ್ಲಿ ಹುಲ್ಲು ಏಳಬಾರದೆಂದು ಪ್ರತಿ ಮಳೆಗಾಲದ ಮುಂಚೆ ಕಳೆನಾಶಕ ಹೊಡೆಸುತ್ತಿದ್ದರು. ಕೊಳವೆಗಳು ಹೋದವು. ಮೇಲ್ವಿಚಾರಕರು ಅಲ್ಲಿ ಕಾಂಕ್ರೀಟು ಹಾಕಿಸಿ ವಾಹನ ನಿಲ್ಲಿಸಬೇಕೆಂದರು. ಅಕ್ಕ ತರಕಾರಿ ಬೆಳೆಯಬೇಕೆಂದಳು. ಎರಡು ತುತ್ತಷ್ಟೇ ತಿನ್ನಲಾಗುವ ರೋಗಿಗಳಿಗೆ ಆ ಎರಡು ತುತ್ತಾದರೂ ಆಗ ತಾನೇ ಕಿತ್ತ ಕಾಯಿಯದ್ದಾಗಿರಲಿ ಎಂಬುದು ಅವಳ ಎಷ್ಟೋ ವರ್ಷಗಳ ಆಸೆ. ಮಣ್ಣು ಪರೀಕ್ಷೆ ಮಾಡಿಸಿ ತನ್ನಿ, ಆಮೇಲೆ ನೋಡೋಣ, ಎಂದರು ಮೇಲ್ವಿಚಾರಕರು. ತಂಗಿ ಪರೀಕ್ಷೆ ಮಾಡಿದಳು. ಕಳೆನಾಶಕ ಇಲ್ಲ, ಮಣ್ಣು ಹುಳಿಯಾಗಿದೆ, ಸುಣ್ಣ ಬೆರೆಸಿ, ಎಂದು ಬರೆದು ಸಹಿ ಹಾಕಿದಳು. ಅಕ್ಕನಿಗೆ ಒಂದು ವರ್ಷಕ್ಕೆ ನೆಲ ಸಿಕ್ಕಿತು.

ಎರಡು ಸಲ ಬೀನ್ಸ್ ಬಿತ್ತಿದ್ದಾಯಿತು. ಎರಡು ಸಲವೂ ಸತ್ತವು. ಅವು ಸತ್ತ ರೀತಿಯೇ ವಿಚಿತ್ರ. ಮೊಳಕೆ ಚೆನ್ನಾಗಿ ಬರುತ್ತಿತ್ತು, ನೆಲ ಸೀಳಿಕೊಂಡು ಕತ್ತೆತ್ತಿ ನಿಲ್ಲುತ್ತಿತ್ತು, ಮೊದಲ ಜೋಡಿ ಎಲೆ ಬಿಚ್ಚುತ್ತಿತ್ತು. ಬೀಜದೊಳಗೆ ಕಟ್ಟಿಕೊಟ್ಟ ಬುತ್ತಿ ಮುಗಿದು, ಇನ್ನು ಬಿಸಿಲಿನಿಂದ ತನ್ನ ಅನ್ನ ತಾನೇ ಬೇಯಿಸಿಕೊಳ್ಳಬೇಕು ಎನ್ನುವ ದಿನ ಎಲೆಯ ಅಂಚು ಹಳದಿಯಾಗುತ್ತಿತ್ತು. ಅಂಚಿನಿಂದ ನಡುವಿಗೆ ಬರುತ್ತ ಬರುತ್ತ ಇಡೀ ಸಾಲು ಹಸಿದು ಮಲಗುತ್ತಿತ್ತು.

ಇನ್ನೆರಡು ತಿಂಗಳಲ್ಲಿ ಕಾಂಕ್ರೀಟಿನ ಗಾಡಿ ಬರುತ್ತದೆಂದು ಮೇಲ್ವಿಚಾರಕರು ಹೇಳಿಕಳಿಸಿದ್ದರು.

ಮಧ್ಯಾಹ್ನ ಅಕ್ಕ ಊಟದ ಡಬ್ಬಿ ಹಿಡಿದು ಪ್ರಯೋಗಾಲಯಕ್ಕೇ ಬಂದಳು.

"ಏನೇ, ಸಿಕ್ಕನಾ ಕಳ್ಳ?"

"ಇಲ್ಲ ಕಣೇ ಅಕ್ಕ. ಮೂರು ಸಲ ನೋಡಿದೆ. ಯಂತ್ರ ಇಲ್ಲ ಅಂತಲೇ ಹೇಳ್ತಿದೆ."

"ನಿನ್ನ ಯಂತ್ರಕ್ಕೆ ಕಣ್ಣಿಲ್ಲ. ನನ್ನ ಬೀನ್ಸ್‌ನ ಕೇಳು, ಅದು ಹೇಳುತ್ತೆ."

ಪಕ್ಕದ ಕೋಣೆಯಿಂದ ಯಂತ್ರ ನಡೆಸುವವನು ತಲೆ ಹಾಕಿದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಯಂತ್ರದಣ್ಣ ಎಂದೇ.

"ಅಕ್ಕಾವ್ರೇ, ಮೆಲ್ಲಗೆ. ಅದಕ್ಕೆ ಕಿವಿ ಇದೆ. ಮುನಿಸಿಕೊಂಡ್ರೆ ರಿಪೇರಿಯವನು ಬರೋಕೆ ಆರು ತಿಂಗಳು."

"ಹಾಗಾದ್ರೆ ಅದಕ್ಕೂ ಒಂದು ಡಬ್ಬಿ ಊಟ ತರ್ತೀನಿ ಬಿಡಪ್ಪ. ಹೊಟ್ಟೆ ತುಂಬಿದ ಮೇಲಾದ್ರೂ ನಿಜ ಹೇಳಲಿ."

ತಂಗಿ ನಗಲಿಲ್ಲ. ನಾಲ್ಕನೆಯ ಸಲಕ್ಕೆ ಮಣ್ಣು ಹದ ಮಾಡುತ್ತಿದ್ದಳು. ಜರಡಿ ಅತ್ತಿಂದಿತ್ತ ಆಡುತ್ತಿತ್ತು, ಕೆಳಗಿನ ಕಾಗದದ ಮೇಲೆ ನುಣ್ಣನೆಯ ಕಂದು ಮಣ್ಣು ಬೀಳುತ್ತಿತ್ತು. ಮೇಲೆ ಉಳಿದ ಕಪ್ಪು ಚೂರುಗಳನ್ನು ಅವಳು ಅಭ್ಯಾಸಬಲದಿಂದ ಡಬ್ಬಿಯ ಕಡೆ ಒಯ್ದಳು.

"ತಾಳು ತಾಳು," ಅಂದಳು ಅಕ್ಕ. "ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀಯಾ?"

"ಬಿಸಾಕೋಕೆ. ಕೊಳೆತ ಎಲೆ, ಬೇರು. ಕಸ ಇದು."

"ಕಸ ಅನ್ನೋದಾದ್ರೆ ನನ್ನ ತೋಟದಲ್ಲಿ ಅರ್ಧ ಅದೇ ಇದೆ. ಆ ಮರಗಳ ಎಲೆ ಎಷ್ಟು ವರ್ಷದಿಂದ ಬಿದ್ದು ಕೊಳೀತಿದೆಯೋ! ನನ್ನ ಬೀನ್ಸ್ ಬೇರು ಬಿಟ್ಟಿದ್ದು ಅದರೊಳಗೇ." ಅವಳು ಜರಡಿಯ ಮೇಲೆ ಬಗ್ಗಿದಳು. "ತರಕಾರಿ ಎಲ್ಲ ಎತ್ತಿ ಆಚೆ ಹಾಕಿ, ಬರೀ ಸಾರಿನ ತಿಳಿ ಕುಡಿದು, ಇದರಲ್ಲಿ ಉಪ್ಪು ಹಿಡಿದ ಆಲೂಗಡ್ಡೆ ಇಲ್ಲ ಅಂದಂಗಾಯ್ತು ನಿನ್ನ ಪರೀಕ್ಷೆ."

ಯಂತ್ರದಣ್ಣ ಗಟ್ಟಿಯಾಗಿ ನಕ್ಕ. ತಂಗಿಯ ಕೈ ಮಾತ್ರ ಡಬ್ಬಿಯ ಬಾಯಿಯ ಮೇಲೆ ಹಾಗೆಯೇ ನಿಂತಿತು.

ಅವರ ತಂದೆ ಬೆಳಗಿನ ಹೊತ್ತು ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದವರು. ಇಬ್ಬರು ಹುಡುಗಿಯರೂ ಗೋಡೆಗೊರಗಿ ಕೂತು ಕೇಳಬೇಕು. ಚಿಕ್ಕವಳು ಓದುವ ಸರದಿ ಬಂದಾಗ ಗಂಟಲಿಗೆ ಸಿಕ್ಕಿಕೊಳ್ಳುವ ಪದಗಳನ್ನು ನುಂಗಿ, ಸಲೀಸಾದವನ್ನಷ್ಟೇ ಹೇಳಿ ಮುಂದೆ ಓಡುತ್ತಿದ್ದಳು. ಆಗ ತಂದೆ ಬೈಯುತ್ತಿರಲಿಲ್ಲ. ಪುಸ್ತಕದಿಂದ ಕಣ್ಣೆತ್ತದೆ, "ಬಿಟ್ಟದ್ದನ್ನ ಹೇಳು" ಎನ್ನುತ್ತಿದ್ದರು, ಅಷ್ಟೇ. ಐವತ್ತರ ಹತ್ತಿರ ಬಂದ ಆ ಚಿಕ್ಕವಳು ಈಗ ಜರಡಿಯನ್ನು ಮೆಲ್ಲಗೆ, ದೇವರ ಮುಂದೆ ದೀಪ ಇಡುವಂತೆ, ಮೇಜಿನ ಮೇಲಿಟ್ಟಳು.

"ಅಕ್ಕ, ಸುಣ್ಣ ಎಲ್ಲೆಲ್ಲಿ ಹಾಕಿದೆ?"

"ಬೀನ್ಸ್ ಹಾಕಿದ ಪಾತಿಗೆಲ್ಲ. ನೀನೇ ಅಲ್ವಾ ಹೇಳಿದ್ದು?"

"ಹಾಕದೆ ಇರೋ ಜಾಗ ಇದೆಯಾ?"

"ಮರದ ಬುಡದ ಹತ್ತಿರ ಇದೆ. ಯಾಕೆ?"

"ಊಟ ಆಮೇಲೆ. ನಡಿ."

ಆ ಸಂಜೆ ಅವಳು ಎರಡು ಚೀಲ ಮಣ್ಣು ತಂದಳು, ಒಂದು ಸುಣ್ಣ ಕಂಡದ್ದು, ಒಂದು ಕಾಣದ್ದು. ಜರಡಿಯನ್ನು ಮುಟ್ಟಲಿಲ್ಲ. ಕಪ್ಪು ಚೂರು, ಬೇರು, ಎಲೆಯ ನರ, ಎಲ್ಲದರ ಸಮೇತ ತೂಗಿ ಮೂರು ಬಾಟಲಿಗೆ ಹಾಕಿದಳು. ಸುಣ್ಣ ಕಾಣದ ಮಣ್ಣಿನ ಒಂದು ಬಾಟಲಿಗೆ ಬರೀ ನೀರು. ಸುಣ್ಣ ಹಾಕಿದ್ದಕ್ಕೂ ಬರೀ ನೀರು. ಮೂರನೆಯದರಲ್ಲಿ ಮತ್ತೆ ಸುಣ್ಣ ಕಾಣದ ಮಣ್ಣೇ, ಆದರೆ ಅದಕ್ಕೆ ನೀರಲ್ಲ. ಅಂಟಿಕೊಂಡದ್ದನ್ನು ಬಿಡಿಸಿ ಎಳೆದು ತರುವ ಖಾರವಾದ ದ್ರಾವಕ. ಮಾರನೆಯ ದಿನವೆಲ್ಲ ಮೂರೂ ಅಲುಗಾಡಿಸುವ ಯಂತ್ರದ ಮೇಲೆ ತೊಟ್ಟಿಲಿನ ಕೂಸುಗಳ ಹಾಗೆ ಆಡಿದವು.

ಯಂತ್ರದಣ್ಣನ ಪರದೆಯ ಮೇಲೆ ಮೊದಲ ಬಾಟಲಿಯ ಗೆರೆ ನೆಟ್ಟಗೆ ಹೋಗಿ ಒಂದು ಕಡೆ ಸಣ್ಣಗೆ ಉಬ್ಬಿತು, ಇರುವೆಗೂಡಿನಷ್ಟು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಗುಡ್ಡ ಎದ್ದಿತು. ಮೂರನೆಯದರಲ್ಲಿ ಗೆರೆ ಮೇಲೆ ಹೋಗಿ ಹೋಗಿ ಪರದೆಯನ್ನೇ ದಾಟಿತು.

"ಬಂದ್ರು ನೋಡಿ ಮಹಾತಾಯಿ," ಅಂದ ಯಂತ್ರದಣ್ಣ. "ಇಷ್ಟು ದಿನ ಎಲ್ಲಿದ್ರಂತೆ?"

"ನನ್ನ ಕಸದ ಡಬ್ಬಿಯಲ್ಲಿ," ಅಂದಳು ಜರಡಿ.

ಅವನು ಮತ್ತೆ ನಗಲು ಹೋಗಿ, ಅವಳ ಮುಖ ನೋಡಿ ಪರದೆಯ ಕಡೆ ತಿರುಗಿಕೊಂಡ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಪಾತ್ರೆಗಳೆಲ್ಲ ಬೋರಲು ಬಿದ್ದು ನೀರು ಸೋರಿಸುತ್ತಿದ್ದವು. ಅಕ್ಕ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ತಂಗಿ ನಿಂತೇ ಹೇಳಿದಳು.

"ತಪ್ಪು ನಂದು ಅಕ್ಕ. ಒಂದಲ್ಲ, ಎರಡು."

"ಹೇಳು."

"ನಿನ್ನ ಈ ಒರೆಸೋ ಬಟ್ಟೆಗೆ ಅರಿಶಿನ ಹತ್ತುತ್ತೆ ಅಲ್ವಾ. ತಣ್ಣೀರಲ್ಲಿ ಜಾಲಿಸಿದ್ರೆ ನೀರಿಗೆ ಬಣ್ಣ ಬರುತ್ತಾ?"

"ಎಲ್ಲಿ ಬರುತ್ತೆ? ಬಟ್ಟೆ ಬಿಡಬೇಕಲ್ಲ."

"ಆ ಕಳೆ ಔಷಧಿನೂ ಹಾಗೇ. ಕೊಳೆತ ಎಲೆ ಇದೆಯಲ್ಲ, ಅದು ಬಟ್ಟೆ ಥರ. ಇಷ್ಟು ವರ್ಷ ಹೊಡೆದಿದ್ದನ್ನೆಲ್ಲ ಅದು ಹಿಡ್ಕೊಂಡು ಕೂತಿತ್ತು. ಹಿಡ್ಕೊಂಡಿರೋ ತನಕ ಬೇರಿಗೆ ಹೆಚ್ಚೇನೂ ಸಿಗಲ್ಲ. ನಾನು ಪರೀಕ್ಷೆ ಮಾಡೋವಾಗ ಬಟ್ಟೆನೇ ಎತ್ತಿ ಎಸೆದು, ಬರೀ ಬಕೆಟ್ಟಿನ ನೀರು ನೋಡಿ, ಅರಿಶಿನ ಇಲ್ಲ ಅಂದೆ. ಅದು ಒಂದು."

"ಇನ್ನೊಂದು?"

"ಸುಣ್ಣ. ಮಣ್ಣು ಹುಳಿ ಇದ್ದಷ್ಟೂ ಈ ಔಷಧಿನ ಗಟ್ಟಿಯಾಗಿ ಹಿಡಿಯುತ್ತೆ. ಹುಳಿ ಮುರಿದ್ರೆ ಹಿಡಿತ ಸಡಿಲ. ನಾನು ಸುಣ್ಣ ಹಾಕು ಅಂದೆ, ನೀನು ಹಾಕಿದೆ, ಅದು ಕೈ ಬಿಡ್ತು. ನೀರಿಗೆ ಬಂತು, ನೀರಿಂದ ಬೇರಿಗೆ ಬಂತು."

ಬೋರಲು ಪಾತ್ರೆಯಿಂದ ನೀರು ತೊಟಕ್ಕೆಂದು ಬೀಳುವುದು ಇಬ್ಬರಿಗೂ ಕೇಳುತ್ತಿತ್ತು.

"ಎರಡು ಸಲ ಬಿತ್ತಿದೆ," ಅಂದಳು ಅಕ್ಕ. "ಎರಡು ಸಲನೂ, ನನ್ನ ಕೈಗುಣ ಸರಿ ಇಲ್ಲ ಅಂದ್ಕೊಂಡೆ. ಇಲ್ಲಿ ಕೆಲಸದವರೆಲ್ಲ ನೋಡಿ ನಕ್ಕರು. ನಿನ್ನ ಸಹಿ ಇದೆ ಅಂತ ನಾನು ನಿನ್ನ ಮೇಲೆ ಅನುಮಾನನೇ ಪಡಲಿಲ್ಲ ಕಣೇ."

"ಗೊತ್ತು."

"ನಿಂಗೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಿಂತ್ಕೊಂಡು ಪಾಠ ಹೇಳ್ತಿರಲಿಲ್ಲ, ಕೂತ್ಕೊಂಡು ಅಳ್ತಿದ್ದೆ."

ತಂಗಿ ಕೂತಳು. ಅಳು ಬರಲಿಲ್ಲ, ಆದರೆ ಕೂತಳು. ಅಕ್ಕ ಕಟ್ಟೆಯಿಂದ ಇಳಿದು ಒಂದು ಲೋಟ ನೀರು ತಂದು ಅವಳ ಮುಂದೆ ಕುಕ್ಕಿದಳು. ಅರ್ಧ ನೀರು ಚೆಲ್ಲಿತು.

"ಕುಡಿ. ಈಗ ಹೇಳು, ನೆಲ ಉಳಿಯುತ್ತಾ ಇಲ್ವಾ?"

"ಮೊದಲು ನನ್ನ ವರದಿ ತಪ್ಪು ಅಂತ ಮೇಲ್ವಿಚಾರಕರಿಗೆ ಬರೆದು ಕೊಡಬೇಕು."

"ಬರೆದ್ರೆ ನಾಳೆನೇ ಕಾಂಕ್ರೀಟ್ ಹಾಕಿಸ್ತಾರೆ!"

"ಬರೀದೇ ಇದ್ರೆ ನೀನು ಮೂರನೇ ಸಲ ಬಿತ್ತೀಯಾ, ಅದೂ ಸಾಯುತ್ತೆ, ಆಮೇಲೆ ಹಾಕಿಸ್ತಾರೆ. ನನ್ನನ್ನ ನಂಬು ಅಂತ ಕೇಳೋ ಮುಖ ನಂಗಿಲ್ಲ. ಆದ್ರೂ ಕೇಳ್ತಿದ್ದೀನಿ."

ಅಕ್ಕ ಚೆಲ್ಲಿದ ನೀರನ್ನು ಒರೆಸಿದಳು. ಒರೆಸಿದ ಬಟ್ಟೆಯನ್ನು ಒಮ್ಮೆ ಬಿಡಿಸಿ ನೋಡಿದಳು. "ಸರಿ, ನಾನೂ ಬರ್ತೀನಿ," ಅಂದಳು.

ಮೇಲ್ವಿಚಾರಕರು ಪತ್ರವನ್ನು ಎರಡು ಸಲ ಓದಿದರು. ಕೆಟ್ಟವರಲ್ಲ, ಆದರೆ ಅವರ ಮೇಜಿನ ಮೇಲೆ ವಾಹನ ನಿಲ್ಲಿಸಲು ಜಾಗವಿಲ್ಲವೆಂಬ ದೂರುಗಳು ಒಂದು ಮೊಳ ಎತ್ತರಕ್ಕಿದ್ದವು.

"ಅಂದ್ರೆ ನೆಲದಲ್ಲಿ ವಿಷ ಇದೆ ಅಂತ ಬರೆದು ಕೊಡ್ತಿರೋರೂ ನೀವೇ, ನೆಲ ಇನ್ನಷ್ಟು ದಿನ ಬೇಕು ಅಂತ ಕೇಳ್ತಿರೋರೂ ನೀವೇ?"

"ಹೌದು ಸಾರ್."

"ಇಂಥ ಅರ್ಜಿ ನನ್ನ ಸರ್ವೀಸಲ್ಲಿ ನೋಡಿಲ್ಲ."

"ಮುಚ್ಚಿಬಿಟ್ರೆ ಅದು ಹಾಗೇ ಉಳಿಯುತ್ತೆ ಸಾರ್. ಗಾಳಿ ಇಲ್ಲ, ಹಸಿ ಇಲ್ಲ, ಅದನ್ನ ತಿಂದು ಕರಗಿಸೋ ಸಣ್ಣ ಜೀವ ಇಲ್ಲ. ಅದೂ ಅಲ್ದೆ ಹೊಸ ಕಾಂಕ್ರೀಟಿಂದ ಇಳಿಯೋ ನೀರು ಸುಣ್ಣದ ನೀರೇ. ಅಂಚಲ್ಲಿ ಇರೋ ಹಿಡಿತನೂ ಸಡಿಲ ಆಗಬಹುದು. ಉಗ್ರಾಣದ ಪಕ್ಕದಲ್ಲೇ ಬೋರ್‌ವೆಲ್ ಇದೆ."

ಬೋರ್‌ವೆಲ್ ಎಂದಾಗ ಅವರು ಕನ್ನಡಕ ತೆಗೆದರು. "ಆಗುತ್ತೆ ಅಂತೀರಾ, ಆಗಬಹುದು ಅಂತೀರಾ?"

"ಆಗಬಹುದು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಒಂದು ಸಲ ಬರೆದು ಸಾಕಾಗಿದೆ ಸಾರ್."

"ನೆಲ ನಿಮಗೇ ಬಿಟ್ರೆ ಏನು ಮಾಡ್ತೀರಿ?"

"ಸುಣ್ಣ ನಿಲ್ಲಿಸ್ತೀವಿ. ಅಡುಗೆಮನೆ ಸಿಪ್ಪೆ ಕೊಳೆಸಿದ ಗೊಬ್ಬರ ಗುಂಡಿ ತುಂಬ ಇದೆ, ಅದನ್ನ ಬೆರೆಸ್ತೀವಿ. ಹಿಡ್ಕೊಳ್ಳೋ ಕೈ ಹೆಚ್ಚಾಗುತ್ತೆ, ತಿನ್ನೋ ಬಾಯಿನೂ ಹೆಚ್ಚಾಗುತ್ತೆ. ಮೊದಲ ಬೆಳೆ ಮೆಕ್ಕೆಜೋಳ. ಈ ಔಷಧಿ ಅದಕ್ಕೆ ತಾಗಲ್ಲ, ಒಳಗೆ ಎಳ್ಕೊಂಡು ಮುರಿದು ಹಾಕುತ್ತೆ. ಆಮೇಲೆ ಬೀನ್ಸ್."

ಮೇಲ್ವಿಚಾರಕರು ಅಕ್ಕನ ಕಡೆ ತಿರುಗಿದರು. "ನೀವೇನಂತೀರಿ?"

"ನನ್ನ ತಂಗಿ ತಪ್ಪು ಮಾಡಿದ್ದು ಇದೇ ಮೊದಲು ಸಾರ್. ಅಭ್ಯಾಸ ಇಲ್ಲ, ಅದಕ್ಕೇ ಇಷ್ಟು ದೊಡ್ಡದು ಮಾಡಿದ್ಳು."

ಅವರಿಗೆ ನಗು ತಡೆಯಲಾಗಲಿಲ್ಲ. ಎಂಟು ತಿಂಗಳು ಕೊಟ್ಟರು. ಅಷ್ಟರೊಳಗೆ ಬೀನ್ಸ್ ಮೂರನೆಯ ಎಲೆ ದಾಟಿ ಹಸಿರಾಗಿ ನಿಂತರೆ ನೆಲ ತೋಟಕ್ಕೆ, ಇಲ್ಲದಿದ್ದರೆ ಯಾರೂ ಬಾಯಿ ತೆರೆಯಬಾರದು.

ಗೊಬ್ಬರ ಹೊತ್ತದ್ದು ಅಡುಗೆಮನೆಯ ಹೆಂಗಸರು, ಹಿಂದೆ ನಕ್ಕವರೇ. ಮಳೆ ಬರುವ ಮೊದಲು ಮಣ್ಣಿಗೆ ಬೆರೆಸಿ, ನೆನೆಸಿ, ಮೇಲೆ ಒಣಹುಲ್ಲಿನ ಮುಚ್ಚಿಗೆ ಹಾಕಿದರು. ಮೆಕ್ಕೆಜೋಳ ಬಿತ್ತಿದರು. ಅದು ಏನೂ ನಡೆದೇ ಇಲ್ಲವೆಂಬಂತೆ ಎದ್ದು ಉಗ್ರಾಣದ ಕಿಟಕಿಯನ್ನು ಮರೆಮಾಡಿತು. ಒಳಗೆ ಎಷ್ಟು ಉಳಿದಿದೆಯೋ ಗೊತ್ತಿಲ್ಲ, ಈ ಸಲದ ತೆನೆ ಯಾರ ತಟ್ಟೆಗೂ ಹೋಗಬಾರದು, ದನಕ್ಕೂ ಬೇಡ ಎಂದಳು ತಂಗಿ. ಕಡಿದು ಅಲ್ಲೇ ಮೂಲೆಯಲ್ಲಿ ಒಟ್ಟಿದರು. ಅಷ್ಟು ಎಳೆಯ ತೆನೆಗಳನ್ನು ಕೊಳೆಯಲು ಹಾಕುವಾಗ ಅಕ್ಕ ಮುಖ ತಿರುಗಿಸಿಕೊಂಡಳು.

ತಂಗಿ ಪ್ರತಿ ಹದಿನೈದು ದಿನಕ್ಕೆ ಬಂದು ಮಣ್ಣು ಒಯ್ಯುತ್ತಿದ್ದಳು. ಅವಳ ಮೇಜಿನ ಮೇಲೆ ಈಗ ಪ್ರತಿ ಮಣ್ಣಿಗೂ ಎರಡು ಬಾಟಲಿ: ನೀರಿಗೆ ಎಷ್ಟು ಬಿಡುತ್ತದೆ, ಒಳಗೆ ಎಷ್ಟು ಹಿಡಿದಿದೆ. ನೀರಿನ ಬಾಟಲಿಯ ಗುಡ್ಡ ತಿಂಗಳು ತಿಂಗಳು ಸವೆದು ಮತ್ತೆ ಇರುವೆಗೂಡಾಯಿತು, ಆಮೇಲೆ ಅದೂ ಇಲ್ಲವಾಯಿತು. ಎರಡನೆಯದು ನಿಧಾನ. ಕರಗುತ್ತಿತ್ತು, ಆದರೆ ಒಂದೊಂದು ತಿಂಗಳು ಇದ್ದಲ್ಲೇ ನಿಂತು ಅವಳ ತಾಳ್ಮೆ ನೋಡುತ್ತಿತ್ತು. ಪ್ರಯೋಗಾಲಯದ ದೊಡ್ಡವರು ಒಂದು ದಿನ ಅವಳ ಹಿಂದೆ ನಿಂತು ನೋಡಿ, ಹೊಸಬರನ್ನು ಕರೆದು, "ಇವರು ಕಸವನ್ನೂ ತೂಗ್ತಾರೆ, ನೋಡ್ಕೊಳ್ಳಿ" ಅಂದರು. ಅದು ಹೊಗಳಿಕೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ, ತೂಗುವುದನ್ನು ನಿಲ್ಲಿಸಲಿಲ್ಲ.

ಆರನೆಯ ತಿಂಗಳು ಬೀನ್ಸ್ ಬಿತ್ತಿದರು. ಮೊಳಕೆ ಬಂತು. ಮೊದಲ ಜೋಡಿ ಎಲೆ ಬಿಚ್ಚಿತು. ಬುತ್ತಿ ಮುಗಿಯುವ ವಾರ ಅಕ್ಕ ಒಲೆ ಹಚ್ಚುವ ಮೊದಲೇ ಪಾತಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಎಲೆಯ ಅಂಚನ್ನೂ ಬೆರಳಲ್ಲಿ ಸವರಿ ನೋಡುತ್ತಿದ್ದಳು. ಫೋನು ಮಾಡಿ, "ಒಂದು ಎಲೆ ಹಳದಿ" ಅಂದಳು ಒಂದು ಬೆಳಿಗ್ಗೆ. ತಂಗಿ ಬಸ್ಸು ಹಿಡಿದು ಓಡಿ ಬಂದು ನೋಡಿದರೆ, ಯಾರೋ ತುಳಿದ ಗಿಡ.

"ಅಂಚಿಂದ ಹಳದಿ ಆಗಿದೆಯಾ, ನಡುವಿಂದಲಾ ಅಂತ ನೋಡು ಅಂದಿದ್ನಲ್ಲ!"

"ಹಳದಿ ಕಂಡ ಮೇಲೆ ಅಂಚು ಎಲ್ಲಿ ನೋಡ್ತಾರೆ? ನನ್ನ ಎದೆ ನಿಂತಿತ್ತು."

"ನನ್ನದೂ ಬಸ್ಸಲ್ಲೇ ನಿಂತಿತ್ತು. ಟಿಕೆಟ್ಟೂ ತಗೊಂಡಿಲ್ಲ."

ಮೂರನೆಯ ಎಲೆ ಬಂತು, ನಾಲ್ಕನೆಯದು ಬಂತು. ಆಮೇಲೆ ಎಣಿಸುವವರಿಲ್ಲ. ಬಳ್ಳಿ ಕಡ್ಡಿ ಹಿಡಿದು ಮೇಲೆ ಹೋಯಿತು, ಬಿಳಿಯ ಹೂ ಬಿಟ್ಟಿತು, ಕಾಯಿ ಕಚ್ಚಿತು. ಮೇಲ್ವಿಚಾರಕರು ಬಂದು ಸಾಲಿನ ನಡುವೆ ಬೂಟು ಹಾಕಿಕೊಂಡೇ ನಡೆದು, ಕಾಗದವನ್ನು ಅಂಗೈ ಮೇಲಿಟ್ಟುಕೊಂಡು ಸಹಿ ಹಾಕಿದರು. ನೆಲ ಐದು ವರ್ಷಕ್ಕೆ ಅಡುಗೆಮನೆಗೆ. ಕಾಂಕ್ರೀಟು ಮುಂಬಾಗಿಲ ಕಡೆಗೆ ಹೋಯಿತು.

ಮರುದಿನ ತಂಗಿ ಒಂದು ಹಿಡಿ ಎಳೆಕಾಯಿ ಕಿತ್ತು ಪರೀಕ್ಷೆಗೆಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಕ್ಕ ಕಡ್ಡಿಗೆ ಬಳ್ಳಿ ಹಬ್ಬಿಸುತ್ತಿದ್ದಳು. ಮೇಲ್ವಿಚಾರಕರು ಏದುಸಿರು ಬಿಡುತ್ತ ಬಂದರು. ಮುಖದಲ್ಲಿ ಹಿಗ್ಗು.

"ನೀವಿಬ್ರೂ ಇಲ್ಲೇ ಸಿಕ್ಕಿದ್ದು ಒಳ್ಳೇದಾಯ್ತು. ನಾಳೆ ಮಧ್ಯಾಹ್ನ ಮೇಲಿಂದ ನಾಲ್ಕು ಜನ ಬರ್ತಾರೆ, ಆಸ್ಪತ್ರೆ ನೋಡೋಕೆ. ತೋಟದ ವಿಷಯ ಹೇಳಿದ್ದೀನಿ. ಈ ಬೀನ್ಸೇ ಬೇಯಿಸಿ ಅವರ ತಟ್ಟೆಗೆ ಹಾಕಿಬಿಡಿ. ಇದಕ್ಕಿಂತ ದೊಡ್ಡ ಪ್ರಚಾರ ಇನ್ನೇನಿದೆ?"

ತಂಗಿ ಚೀಲದ ಬಾಯಿ ಕಟ್ಟುತ್ತಿದ್ದವಳು ಹಾಗೆಯೇ ನಿಂತಳು. ಕಾಯಿಯ ಪರೀಕ್ಷೆಗೆ ಇನ್ನೂ ನಾಲ್ಕು ದಿನ ಬೇಕು. ಹೇಳಬೇಕು ಅಂದುಕೊಂಡಳು. ಆದರೆ ಈ ಸಾಲಿನಿಂದ ಒಂದು ತಟ್ಟೆಗಾದರೂ ಬಡಿಸಬೇಕೆಂದು ಎಷ್ಟೋ ವರ್ಷ ಕಾದವಳು ಅಕ್ಕ. ಅವಳ ಮುಖವನ್ನು ನೋಡದೆ ಆ ಮಾತು ಹೇಗೆ ಆಡುವುದು ಎಂದು ತಿರುಗಿದಳು.

ಅಕ್ಕ ಬಳ್ಳಿಯ ತುದಿಯನ್ನು ಕಡ್ಡಿಗೆ ಸುತ್ತಿ ಮುಗಿಸಿದಳು. ತೂಗುತ್ತಿದ್ದ ಕಾಯಿಗಳನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು, ಆಮೇಲೆ ತಂಗಿಯ ಕೈಯಲ್ಲಿದ್ದ ಪರೀಕ್ಷೆಯ ಚೀಲವನ್ನು. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹಾಕಲ್ಲ ಸಾರ್," ಅಂದಳು.